ಟಾರ್ಚ್ ಆರಿಸ್ರೀ, ಅದು ಮೊಟ್ಟೆ ಇಡೋಕೆ ಬಂದಿದೆ

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ನಾನು ಕೆಲಸದ ಮೇಲೆ ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪಕ್ಕೆ ಬಂದು ಎಂಟು ತಿಂಗಳಾಯಿತು. ಊರಿನಲ್ಲಿ ಯಾರಿಗಾದರೂ ಹೇಳಿದರೆ ‘ಓ, ಲಾರಾ ಊರು’ ಅನ್ನುತ್ತಾರೆ. ಸರಿ, ಕ್ರಿಕೆಟಿಗ ಲಾರಾ ಊರೇ. ಆದರೆ ನಾನು ಬಂದ ದಿನದಿಂದ ಕಾಯುತ್ತಿದ್ದದ್ದು ಕಡಲಾಮೆಗೆ. ನಾನು ಹೊನ್ನಾವರದ ಕಡೆಯವನು. ನಮ್ಮ ಕಾಸರಕೋಡಿನ ದಂಡೆಗೂ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಅವು ಆಲಿವ್ ರಿಡ್ಲಿ, ಚಿಕ್ಕವು. ಇಲ್ಲಿಗೆ ಬರುವುದು ಲೆದರ್‌ಬ್ಯಾಕ್, ಪ್ರಪಂಚದಲ್ಲೇ ದೊಡ್ಡ ಆಮೆ. ಇದಕ್ಕೆ ಗಟ್ಟಿ ಚಿಪ್ಪಿಲ್ಲ, ಬೆನ್ನೆಲ್ಲ ತೊಗಲು, ಅದರ ಮೇಲೆ ಉದ್ದುದ್ದಕ್ಕೆ ಏಣುಗಳು. ಮುನ್ನೂರು, ನಾನೂರು ಕಿಲೋ ತೂಗುವುದು ಇಲ್ಲಿ ಮಾಮೂಲಿ. ಕೆನಡಾ ಕಡೆಯ ತಣ್ಣನೆ ಸಮುದ್ರದಲ್ಲಿ ಲೋಳೆಮೀನು ತಿಂದುಕೊಂಡಿದ್ದ ಆಮೆ, ಎರಡು ಮೂರು ವರ್ಷಕ್ಕೊಮ್ಮೆ ಸಾವಿರಾರು ಕಿಲೋಮೀಟರ್ ಈಜಿಕೊಂಡು ಈ ದಂಡೆಗೆ ಬರುತ್ತದೆ. ಬರುವುದು ಮೊಟ್ಟೆ ಇಡುವುದಕ್ಕೆ. ನಮ್ಮ ವಿಡಿಯೋಗೆ ಅಲ್ಲ.

ಗ್ರಾಂಡ್ ರಿವಿಯೆರ್ ಅಂತ ಉತ್ತರ ಕರಾವಳಿಯಲ್ಲಿ ಒಂದು ಹಳ್ಳಿ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಕಾರಿನಲ್ಲಿ ಸುತ್ತಿ ಬಳಸಿ ಹೋಗಬೇಕು, ಕೊನೆಗೆ ಬರೀ ತಿರುವು, ಒಂದು ಕಡೆ ಬೆಟ್ಟ ಇನ್ನೊಂದು ಕಡೆ ಸಮುದ್ರ. ದಂಡೆಯ ಉದ್ದ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೂ ಸೀಸನ್ ಜೋರಾಗಿದ್ದಾಗ ಒಂದೇ ರಾತ್ರಿ ನೂರಾರು ಆಮೆ ಹತ್ತುತ್ತವೆ. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಅನುಮತಿ ಚೀಟಿ ಇಲ್ಲದೆ ರಾತ್ರಿ ಯಾರೂ ದಂಡೆಗೆ ಇಳಿಯುವಂತಿಲ್ಲ. ಜೊತೆಗೆ ಹಳ್ಳಿಯ ಗೈಡ್ ಇರಬೇಕು. ಅವರ ಕೈಯಲ್ಲಿ ಕೆಂಪು ಟಾರ್ಚ್. ಬಿಳಿ ಬೆಳಕು ಬೇಡ, ಫ್ಲ್ಯಾಶ್ ಬೇಡ, ಮೊಟ್ಟೆ ಇಡಲು ಶುರು ಮಾಡುವ ತನಕ ಹತ್ತಿರ ಹೋಗಬೇಡಿ. ಇಷ್ಟೇ. ಮೂರು ಮಾತು. ಇದನ್ನು ನೆನಪಿಟ್ಟುಕೊಳ್ಳೋದಕ್ಕೆ ಡಿಗ್ರಿ ಬೇಕಾ?

ನಾವು ಬಸ್ಸಿನಲ್ಲಿ ಇಪ್ಪತ್ತಾರು ಜನ. ನಾನೇ ಕಾರು ಮಾಡಿಕೊಂಡು ಹೋಗಬೇಕಿತ್ತು. ತಪ್ಪಾಯಿತು, ಟೂರ್ ಮಾಡಿಸುವವರಿಗೆ ದುಡ್ಡು ಕಟ್ಟಿದೆ. ಗೈಡ್ ಆ ಹಳ್ಳಿಯದೇ ಹೆಂಗಸು, ಐವತ್ತು ದಾಟಿರಬೇಕು. ದಂಡೆಗೆ ಇಳಿಯುವ ಮುಂಚೆ ಎಲ್ಲರನ್ನೂ ನಿಲ್ಲಿಸಿ, ಮಕ್ಕಳಿಗೆ ಹೇಳಿದ ಹಾಗೆ ಎರಡೆರಡು ಸಲ ಹೇಳಿದಳು. ಎಲ್ಲರೂ ತಲೆ ಆಡಿಸಿದರು.

ಹತ್ತೂಕಾಲರ ಹೊತ್ತಿಗೆ ಅಲೆಯಿಂದ ಒಂದು ಕಪ್ಪು ಬಂಡೆ ಎದ್ದ ಹಾಗೆ ಕಂಡಿತು. ನಿಧಾನಕ್ಕೆ ಮುಂದೆ ಬಂತು. ನಾಲ್ಕು ಹೆಜ್ಜೆ, ಆಮೇಲೆ ನಿಲ್ಲುತ್ತದೆ, ಭುಸ್ ಅಂತ ಉಸಿರು ಬಿಡುತ್ತದೆ, ಮತ್ತೆ ನಾಲ್ಕು ಹೆಜ್ಜೆ. ನೀರಿನಲ್ಲಿ ಹಗುರಾಗಿದ್ದ ಜೀವ, ಇಲ್ಲಿ ತನ್ನ ಭಾರವನ್ನು ತಾನೇ ಎಳೆದುಕೊಂಡು ಬರಬೇಕು. ಆ ಉಸಿರು ಕೇಳಿ ನನಗೆ ಗಂಟಲು ಕಟ್ಟಿತು. ಗೈಡ್ ಕೈ ಅಡ್ಡ ಹಿಡಿದು ನಮ್ಮನ್ನೆಲ್ಲ ಹಿಂದೆ ನಿಲ್ಲಿಸಿದ್ದಳು.

ಅಷ್ಟರಲ್ಲಿ ನಮ್ಮ ಗುಂಪಿನಿಂದಲೇ ಪಟ್ ಅಂತ ಒಂದು ಫ್ಲ್ಯಾಶ್. ಅದರ ಹಿಂದೆ ಇನ್ನೊಂದು. ಆಮೇಲೆ ಒಬ್ಬ ಫೋನಿನ ಟಾರ್ಚನ್ನೇ ಹಾಕಿ ನೇರವಾಗಿ ಆಮೆಯ ಮುಖಕ್ಕೆ ಹಿಡಿದ. ‘ಆರಿಸಿ, ಆರಿಸಿ’ ಅಂತ ಗೈಡ್ ಓಡಿದಳು. ಆಮೆ ನಿಂತಿತು. ಒಂದು ನಿಮಿಷ ಹಾಗೇ ನಿಂತಿತ್ತು, ಆಮೇಲೆ ಅಷ್ಟು ದೊಡ್ಡ ಮೈಯನ್ನು ನಿಧಾನಕ್ಕೆ ತಿರುಗಿಸಿಕೊಂಡು, ಗುಂಡಿಯನ್ನೂ ತೋಡದೆ, ಬಂದ ದಾರಿಯಲ್ಲೇ ಸಮುದ್ರಕ್ಕೆ ಹೋಯಿತು.

ಟಾರ್ಚ್ ಹಿಡಿದವನು ಯಾರು ಅಂದುಕೊಂಡಿರಿ? ನಮ್ಮವನೇ. ಕನ್ನಡದವನು. ಬಸ್ಸಿನಲ್ಲಿ ಬರುವಾಗ ಇಬ್ಬರೂ ಊರು ಕೇರಿ ವಿಚಾರಿಸಿಕೊಂಡು, ಚಕ್ಕುಲಿ ಹಂಚಿಕೊಂಡು ಬಂದಿದ್ದೆವು. ಹತ್ತಿರ ಹೋಗಿ ‘ಏನ್ರೀ ಇದು’ ಅಂದೆ. ‘ಒಂದೇ ಫೋಟೋ ಸಾರ್, ಏನಾಗುತ್ತೆ? ಅಷ್ಟು ದುಡ್ಡು ಕೊಟ್ಟು ಬಂದಿದ್ದೀವಲ್ಲ’ ಅಂದ. ಕಣ್ಣೆದುರಿಗೇ ಆಯ್ತಲ್ಲಪ್ಪ! ವಾಪಸ್ ಹೋಯ್ತಲ್ಲ! ಅದು ಆ ರಾತ್ರಿಯೇ ಮತ್ತೆ ಹತ್ತಬಹುದು, ಮರುದಿನ ಬರಬಹುದು. ಅಷ್ಟೂ ಹೊತ್ತು ಹೊಟ್ಟೆಯಲ್ಲಿ ಎಂಬತ್ತು ಮೊಟ್ಟೆ ಹೊತ್ತುಕೊಂಡು ಸಮುದ್ರದಲ್ಲಿ ಸುತ್ತಬೇಕು. ನಿನಗೆ ಬೇಕಾಗಿದ್ದು ಒಂದು ಫೋಟೋ, ಅದೂ ಬಿಳಿಚಿಕೊಂಡು ಮಸುಕಾಗಿ ಬಂದಿದೆ.

ನನ್ನ ಸಿಟ್ಟು ಅವನೊಬ್ಬನ ಮೇಲೆ ಅಲ್ಲ. ನಮ್ಮನ್ನು ಕರೆದುಕೊಂಡು ಬಂದ ಟೂರಿನವನು ಪಕ್ಕದಲ್ಲೇ ನಿಂತಿದ್ದ. ಒಂದು ಮಾತು ಆಡಲಿಲ್ಲ. ಗಿರಾಕಿಗೆ ಬೇಜಾರಾದರೆ ಟಿಪ್ಸ್ ಹೋಗುತ್ತದಲ್ಲ. ಬದಲಿಗೆ ಆ ಹೆಂಗಸಿಗೇ ‘ಸ್ವಲ್ಪ ಬಿಡಿ, ದೂರದಿಂದ ಬಂದಿದ್ದಾರೆ’ ಅಂದ. ಅವಳ ಮುಖ ನೋಡಬೇಕಿತ್ತು ನೀವು. ಈ ದ್ವೀಪದಲ್ಲಿ ಒಂದು ಕಾಲಕ್ಕೆ ಆಮೆಗಳನ್ನು ದಂಡೆಯಲ್ಲೇ ಮಾಂಸಕ್ಕೆ ಕಡಿಯುತ್ತಿದ್ದರು. ಮಟೂರಾ ಅನ್ನುವ ಇನ್ನೊಂದು ಆಮೆ ದಂಡೆಯಲ್ಲಿ 1990ರಿಂದ ಹಳ್ಳಿಯವರೇ ರಾತ್ರಿ ಗಸ್ತು ತಿರುಗಿ ನಿಲ್ಲಿಸಿದ್ದು, ಇಲ್ಲೂ ಕಾಯುತ್ತಿರುವವರು ಹಳ್ಳಿಯವರೇ. ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯುವವರಿಗೆ, ಹವಾನಿಯಂತ್ರಿತ ಬಸ್ಸಿನಲ್ಲಿ ಬಂದವರು ‘ಸ್ವಲ್ಪ ಬಿಡಿ’ ಅನ್ನುತ್ತಾರೆ.

ಇದು ಮೊದಲನೇ ಸಲವೂ ಅಲ್ಲ. ಹೋದ ತಿಂಗಳು ಕರೋನಿ ಜೌಗಿಗೆ ಹೋಗಿದ್ದೆ. ಸಂಜೆ ನಾಲ್ಕಕ್ಕೆ ದೋಣಿ ಹೊರಟು ಕಾಂಡ್ಲಾ ಗಿಡಗಳ ನಡುವೆ ಸಾಗುತ್ತದೆ. ಹೊತ್ತು ಮುಳುಗುವಾಗ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳು ಸಾಲು ಸಾಲಾಗಿ ಬಂದು ಕೂರುತ್ತವೆ, ಹಸಿರು ಗಿಡಕ್ಕೆ ಕುಂಕುಮ ಚೆಲ್ಲಿದ ಹಾಗೆ. ಮರಿಗಳು ಬೂದು ಬಣ್ಣ, ಏಡಿ ಸೀಗಡಿ ತಿಂದು ತಿಂದು ಕೆಂಪಾಗುತ್ತವೆ. ಟ್ರಿನಿಡಾಡಿನ ರಾಷ್ಟ್ರಪಕ್ಷಿ ಅದು. 2018ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ, ಕೊಂದರೆ ಇಲ್ಲಿನ ಲಕ್ಷ ಡಾಲರ್ ದಂಡ, ಜೈಲು ಬೇರೆ. ಅಂಥಾ ಹಕ್ಕಿ ದಿನವೆಲ್ಲ ಮೇದು ಸುಸ್ತಾಗಿ ಬಂದು ಕೂತರೆ, ನಮ್ಮ ದೋಣಿಯ ಇಬ್ಬರು ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಯಾಕೆ? ಹಾರುವಾಗ ವಿಡಿಯೋ ಚೆನ್ನಾಗಿ ಬರುತ್ತೆ ಅಂತೆ. ದೋಣಿಯವನು ಪಾಪ, ‘ಪ್ಲೀಸ್’ ಅಂತ ಮೂರು ಸಲ ಕೇಳಿಕೊಂಡ. ಸುಮ್ನೆ ಕೂತು ನೋಡೋದಕ್ಕೆ ಏನು ಕಷ್ಟ ಇವರಿಗೆ? ನಿಮ್ಮ ಮನೆಯಲ್ಲಿ ಮಗು ಮಲಗಿದಾಗ ನಾನು ಬಂದು ಕಿಟಕಿಯಲ್ಲಿ ಸಿಳ್ಳೆ ಹೊಡೆಯಲಾ?

ಟೂರಿನವರಿಗೆ ಮರುದಿನವೇ ಫೋನ್ ಮಾಡಿದೆ. ಬಸ್ಸು ಹತ್ತುವ ಮುಂಚೆ ಫೋನ್‌ಗಳನ್ನು ಇಸಿದುಕೊಳ್ಳಿ, ಇಪ್ಪತ್ತಾರು ಜನರನ್ನು ಒಟ್ಟಿಗೆ ಇಳಿಸಬೇಡಿ, ಗೈಡ್ ಬೇಡ ಅಂದರೆ ಬೇಡ ಅಂತ ನೀವೂ ಹೇಳಿ ಅಂದೆ. ‘ಉಳಿದ ಯಾರೂ ಕಂಪ್ಲೇಂಟ್ ಮಾಡಿಲ್ಲ’ ಅಂದರು. ಆಮೆ ಕಂಪ್ಲೇಂಟ್ ಮಾಡಬೇಕಿತ್ತಾ?

ನಾನು ಆ ರಾತ್ರಿ ಅಲ್ಲೇ ಉಳಿದುಕೊಂಡಿದ್ದೆ. ಬೆಳಗ್ಗೆ ಐದೂವರೆಗೆ ದಂಡೆಗೆ ಹೋದೆ. ರಣಹದ್ದುಗಳು ಆಗಲೇ ಮೊಟ್ಟೆ ಹುಡುಕುತ್ತಿದ್ದವು. ಮರಳಿನ ತುಂಬ ಟ್ರ್ಯಾಕ್ಟರ್ ಓಡಾಡಿದ ಹಾಗೆ ಆಮೆಗಳ ಜಾಡು, ಪ್ರತಿ ಜಾಡಿನ ತುದಿಯಲ್ಲೂ ಮರಳು ಕೆದರಿ ಮುಚ್ಚಿದ ಗುರುತು. ನಮ್ಮ ಆಮೆಯದು ಎಲ್ಲಿ ಅಂತ ಹುಡುಕಿದೆ, ಸಿಕ್ಕಿತು. ನೀರಿನಿಂದ ಹದಿನೈದು ಹೆಜ್ಜೆ ಮೇಲೆ, ಅಲ್ಲೊಂದು ತಿರುವು, ಮತ್ತೆ ನೀರಿಗೆ. ತುದಿಯಲ್ಲಿ ಏನೂ ಇಲ್ಲ. ಸುತ್ತ ನಮ್ಮ ಚಪ್ಪಲಿ ಗುರುತುಗಳು.