ಸಣ್ಣ ಗಾಯಕ್ಕೂ ಒಂದು ದಾಖಲೆ ಇರಲಿ

ಬ್ಯೂಟಿ ಪಾರ್ಲರಿನಲ್ಲಿ ಅತಿಯಾಗಿ ಕಾದ ವ್ಯಾಕ್ಸ್ ತಗುಲಿ ಚರ್ಮ ಸುಟ್ಟರೆ, ಅಥವಾ ಜಿಮ್ಮಿನ ಯಂತ್ರದ ಸವೆದ ಕೇಬಲ್ ಕಿತ್ತುಬಂದು ಭುಜಕ್ಕೆ ಬಡಿದರೆ, ವಾರದಲ್ಲಿ ವಾಸಿಯಾಗುವ ಅಂಥ ಗಾಯಕ್ಕೆ ಪರಿಹಾರ ಕೇಳುವುದು ಸಣ್ಣತನವೆಂದೇ ನಮ್ಮಲ್ಲಿ ಬಹಳ ಮಂದಿ ಭಾವಿಸುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿ ಎರಡೂ ಕಡೆಯ ರೀತಿಗಳನ್ನು ನೋಡುತ್ತಿರುವ ನನಗೆ ಅನಿಸುವುದೆಂದರೆ, ಕಾನೂನಿನ ಮಟ್ಟಿಗೆ ಭಾರತವೇ ಹೆಚ್ಚು ಉದಾರವಾಗಿದೆ. ಇಲ್ಲಿಯವರು ಮುಂದಿರುವುದು ಗಾಯವಾದ ಮೊದಲ ಅರ್ಧ ಗಂಟೆಯಲ್ಲಿ ಮಾತ್ರ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸೇವೆ ಕೊಟ್ಟವರ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೂ ಗಾಯಕ್ಕೂ ಪರಿಹಾರ ಕೊಡಿಸುವ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಘಟನೆ ಎಲ್ಲೇ ನಡೆದಿರಲಿ ದೂರುದಾರರು ತಾವು ವಾಸಿಸುವ ಊರಿನ ಆಯೋಗಕ್ಕೇ ಹೋಗಬಹುದು. ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ. ಮೂರು ತಿಂಗಳೊಳಗೆ ತೀರ್ಮಾನವಾಗಬೇಕೆಂಬ ಆಶಯವೂ ಕಾಯ್ದೆಯಲ್ಲಿದೆ. ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದು ಆಯೋಗದ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಇಂಗ್ಲೆಂಡಿನಲ್ಲಿ ಅವಧಿ ಮೂರು ವರ್ಷವಿದ್ದರೂ ದಾರಿ ಇಷ್ಟು ಅಗಲವಾಗಿಲ್ಲ. ನ್ಯಾಯಾಲಯಕ್ಕೆ ಶುಲ್ಕ ಕಟ್ಟಬೇಕು. ಬೇಗ ವಾಸಿಯಾದ ಗಾಯಕ್ಕೆ ಎಷ್ಟು ಕೊಡಬೇಕೆಂಬುದನ್ನು ನ್ಯಾಯಾಧೀಶರು ಮಾರ್ಗಸೂಚಿ ನೋಡಿ ನಿರ್ಧರಿಸುತ್ತಾರೆ. ಅದರಲ್ಲಿ ಏಳು ದಿನ, 28 ದಿನ, ಮೂರು ತಿಂಗಳೆಂದು ಚೇತರಿಕೆಯ ಅವಧಿಗೆ ತಕ್ಕ ಮಟ್ಟಗಳಿವೆ. 2022ರ ಏಪ್ರಿಲಿನಿಂದ, ನೋವಿನ ಬಾಬ್ತು 1,500 ಪೌಂಡ್ ದಾಟದ ಇಂಥ ದಾವೆಗಳು ಸಾಮಾನ್ಯವಾಗಿ ಕಿರು ದಾವೆಗಳ ವಿಭಾಗಕ್ಕೆ ಹೋಗುತ್ತವೆ. ಅಲ್ಲಿ ಗೆದ್ದರೂ ವಕೀಲರ ಖರ್ಚು ಎದುರಾಳಿಯಿಂದ ಸಿಗುವುದು ಅಪರೂಪವಾದ್ದರಿಂದ, ಗೆದ್ದರಷ್ಟೇ ಶುಲ್ಕವೆಂದು ಜಾಹೀರಾತು ಕೊಡುವ ಸಂಸ್ಥೆಗಳಿಗೆ ಸುಟ್ಟ ಬೆರಳಿನಲ್ಲಿ ಆಸಕ್ತಿಯಿರುವುದಿಲ್ಲ. ಆ ಉದ್ದಿಮೆ ನಮ್ಮಲ್ಲಿ ಬೆಳೆಯದಿರುವುದೇ ಲೇಸು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಿದ್ದೂ ಇಲ್ಲಿ ಒಂದು ಒಳ್ಳೆಯ ರೂಢಿಯಿದೆ. ನನ್ನ ಹೆಂಡತಿಯ ಮುಂಗೈಗೆ ಸಲೂನೊಂದರಲ್ಲಿ ಬಿಸಿ ವ್ಯಾಕ್ಸ್ ತಗುಲಿದಾಗ, ಅಲ್ಲಿನ ಮೇಲ್ವಿಚಾರಕಿ ತಣ್ಣೀರಿನ ನಲ್ಲಿಯ ಕೆಳಗೆ ಕೈ ಹಿಡಿಸಿದ ಮೇಲೆ ಅಪಘಾತದ ಪುಸ್ತಕ ತೆರೆದು, ಸಮಯ, ಜಾಗ, ಗಾಯವಾದ ಬಗೆ, ಮಾಡಿದ ಪ್ರಥಮ ಚಿಕಿತ್ಸೆ, ಕಂಡವರ ಹೆಸರು ಎಲ್ಲವನ್ನೂ ಬರೆದುಕೊಂಡು ಸಹಿ ಹಾಕಿಸಿದರು. ಕ್ಷಮೆಯನ್ನೂ ಕೇಳಿದರು. ಕ್ಷಮೆ ಕೇಳಿದ ಮಾತ್ರಕ್ಕೆ, ಚಿಕಿತ್ಸೆ ಕೊಡಿಸಲು ಮುಂದಾದ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತಾಗದು ಎಂದು 2006ರ ಪರಿಹಾರ ಕಾಯ್ದೆಯೇ ಹೇಳಿರುವುದರಿಂದ ಹಾಗೆ ಕೇಳುವುದಕ್ಕೆ ಅಂಜಬೇಕಾದ್ದಿಲ್ಲ. ನಮ್ಮಲ್ಲಿ ಸಿಬ್ಬಂದಿ ಮೊದಲು ಮುಲಾಮು ಹಚ್ಚಿ, 'ಏನೂ ಆಗಿಲ್ಲ ಬಿಡಿ ಮೇಡಂ' ಎಂದು ಸಮಾಧಾನ ಹೇಳಿ, ಹೆಚ್ಚೆಂದರೆ ಬಿಲ್ಲಿನಲ್ಲಿ ಸ್ವಲ್ಪ ಬಿಟ್ಟು ಕಳಿಸುತ್ತಾರೆ. ಆ ರಿಯಾಯಿತಿಯಲ್ಲಿ ಕರುಣೆಯೂ ಇರಬಹುದು, ಆದರೆ ಬರಹದಲ್ಲಿ ಏನೂ ಉಳಿಯುವುದಿಲ್ಲ.

ಬರಹದಲ್ಲಿ ಉಳಿಯದ್ದನ್ನು ಆಯೋಗದ ಮುಂದೆ ಸಾಬೀತು ಮಾಡುವುದು ಕಷ್ಟ. ದೆಹಲಿಯ ಹೋಟೆಲೊಂದರ ಸಲೂನಿನಲ್ಲಿ ಕೂದಲನ್ನು ಹೇಳಿದ್ದಕ್ಕಿಂತ ಗಿಡ್ಡವಾಗಿ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ಘೋಷಿಸಿದ್ದು ದೊಡ್ಡ ಸುದ್ದಿಯಾಗಿತ್ತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ರದ್ದುಪಡಿಸಿ, ನಷ್ಟಕ್ಕೆ ಪುರಾವೆ ಬೇಕೆಂದು ಪ್ರಕರಣವನ್ನು ಆಯೋಗಕ್ಕೇ ಹಿಂದಿರುಗಿಸಿತು. ಸುದ್ದಿಯ ಮೊದಲ ಭಾಗ ತಿಳಿದಷ್ಟು ಜನರಿಗೆ ಎರಡನೆಯದು ತಿಳಿದಂತಿಲ್ಲ.

ಆದ್ದರಿಂದ ಪಾರ್ಲರು, ಜಿಮ್ಮು, ಹೋಟೆಲುಗಳಿಗೆ ಪರವಾನಗಿ ಕೊಡುವಾಗ ಸ್ಥಳೀಯ ಸಂಸ್ಥೆಗಳು ಇಂಥದೊಂದು ಪುಸ್ತಕವನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ವಾದ. ಅಲ್ಲಿಯವರೆಗೆ ಗ್ರಾಹಕರೇ ಅಂದೇ ಗಾಯದ ಫೋಟೋ ತೆಗೆದು, ವೈದ್ಯರ ಚೀಟಿಯನ್ನೂ ಯುಪಿಐ ಪಾವತಿಯ ವಿವರವನ್ನೂ ಜೋಪಾನವಾಗಿಟ್ಟು, ನಡೆದದ್ದನ್ನು ಅಂಗಡಿಯ ವಾಟ್ಸಾಪ್ ಸಂಖ್ಯೆಗೆ ನಾಲ್ಕು ಸಾಲಿನಲ್ಲಿ ಕಳಿಸಬಹುದು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದ್ದೇ ಇದೆ.