ಒಡೆದ ಚೂರಿನ ಊರು ಯಾವುದು?

ಕಳೆದ ವಾರ ಉಪ್ಪಿನಕಾಯಿ ಜಾಡಿ ಕೈಜಾರಿ ಒಡೆಯಿತು. ಒಂದು ಚೂರಿನ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊರಗೆ ಎಳೆಯಷ್ಟು ತೆಳುವಾದ ಹೊಳಪು, ಒಳಗೆ ಒರಟು ಮಣ್ಣು, ಅದರಲ್ಲಿ ಸಾಸಿವೆಗಿಂತ ಸಣ್ಣ ಮರಳು. ಜಾಡಿ ಇಡಿಯಾಗಿದ್ದಾಗ ಇದು ಯಾವತ್ತೂ ಕಂಡಿರಲಿಲ್ಲ.

ಇರಾಕಿನ ಸಮಾರಾ ಚೂರುಗಳ ಕಥೆಯೂ ಇದೇ. 836ರಲ್ಲಿ ಅಬ್ಬಾಸಿ ಖಲೀಫರ ರಾಜಧಾನಿಯಾದ ಊರದು. 1911ರಿಂದ ಜರ್ಮನ್ನರು ಅಲ್ಲಿ ಅಗೆದಾಗ ಬಂಗಾರದ ಬಣ್ಣದಲ್ಲಿ ಹೊಳೆಯುವ ಪಾತ್ರೆಗಳು ಸಿಕ್ಕವು. ಸಿಕ್ಕ ಊರಿನ ಹೆಸರೇ ಅವಕ್ಕೆ ಅಂಟಿಕೊಂಡಿತು. ಮುಂದೆ ಹಳೆಯ ಪಾತ್ರೆಗಳನ್ನು ಅಧ್ಯಯನ ಮಾಡುವ ರಾಬರ್ಟ್ ಮೇಸನ್ ಅಂಥವರು ಇಂಥ ಚೂರುಗಳನ್ನು 0.03 ಮಿಲಿಮೀಟರ್ ದಪ್ಪಕ್ಕೆ, ಬೆಳಕು ತೂರಿಹೋಗುವಷ್ಟು ಅರೆದು, ಸೂಕ್ಷ್ಮದರ್ಶಕದಡಿ ಇಟ್ಟರು. ಮಣ್ಣಿನ ಖನಿಜಗಳು ಬೆರಳು ತೋರಿಸಿದ್ದು ದಕ್ಷಿಣ ಇರಾಕಿನ ಬಸ್ರಾದ ಕಡೆಗೆ. 10ನೇ ಶತಮಾನದ ಕೊನೆಯ ಹೊತ್ತಿಗೆ ಅದೇ ಹೊಳಪು ಈಜಿಪ್ಟಿನ ಫುಸ್ತಾತ್ ಮಣ್ಣಿನ ಮೇಲೆ ಕಾಣಿಸುತ್ತದೆ. ಕೈಕಸುಬು ಊರು ಬಿಟ್ಟು ಊರಿಗೆ ಹೋದದ್ದನ್ನು ಮಣ್ಣೇ ಹೇಳಿತು.

ಆ ಹೊಳಪೂ ಸಾಮಾನ್ಯದ್ದಲ್ಲ. ಒಮ್ಮೆ ಸುಟ್ಟು ಗಾಜಿನಂಥ ಮೆರುಗು ಕೊಟ್ಟ ಪಾತ್ರೆಯ ಮೇಲೆ ಬೆಳ್ಳಿ, ತಾಮ್ರ ಸೇರಿದ ಬಣ್ಣದಿಂದ ಚಿತ್ರ ಬರೆದು, ಹೊಗೆ ತುಂಬಿದ ಕಡಿಮೆ ಶಾಖದ ಗೂಡಿನಲ್ಲಿ ಮತ್ತೆ ಸುಡಬೇಕು. ಲೋಹ ಮೆರುಗಿನೊಳಕ್ಕೆ ಇಳಿದು ನ್ಯಾನೋಮೀಟರ್ ಗಾತ್ರದ ಕಣಗಳಾಗುತ್ತದೆ. ಹೊಗೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ಕೆಲಸವೆಲ್ಲ ನೀರುಪಾಲು. ಇರಾನಿನ ಕಾಶಾನದ ಕುಂಬಾರ ಮನೆತನದ ಅಬುಲ್ ಖಾಸಿಮ್ 1301ರಲ್ಲಿ ತಮ್ಮವರ ಪಾಕವನ್ನೇ ಬರೆದಿಟ್ಟ: ಬೆಣಚುಕಲ್ಲಿನ ಪುಡಿ 10 ಪಾಲು, ಗಾಜಿನ ಪುಡಿ 1, ಬಿಳಿ ಜೇಡಿ 1. ಆ ಕಾಲದ ಪಾತ್ರೆಗಳನ್ನು ಪರೀಕ್ಷಿಸಿದಾಗಲೂ ಒಡಲು, ಅಂದರೆ ಮೆರುಗಿನ ಒಳಗಿನ ಭಾಗ, ಬಹುಪಾಲು ಬೆಣಚೇ. ಓದಿ ಮೈ ಜುಮ್ಮೆಂದಿತು ನನಗೆ.

ನಮಗೂ ಇದರ ನಂಟಿದೆ. ಗುಜರಾತಿನ ಸಂಜಾಣ ಬಂದರು ಮಳಖೇಡದ ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. 926ರ ಚಿಂಚಣಿ ತಾಮ್ರಪಟದ ಪ್ರಕಾರ ಆ ಸೀಮೆಯ ಅಧಿಕಾರಿ ತಾಜಿಕ, ಅಂದರೆ ಅರಬ ಮೂಲದವ. ಅದೇ ಸಂಜಾಣದ ಉತ್ಖನನದಲ್ಲಿ ಪಶ್ಚಿಮ ಏಷ್ಯಾದ ಹಸಿರುನೀಲಿ ಮೆರುಗಿನ ಚೂರುಗಳು ಸಿಕ್ಕಿವೆ. ಕನ್ನಡ ದೊರೆಗಳ ಬಂದರಿಗೆ ಬಂದ ಸರಕು!

ಇಷ್ಟಿದ್ದೂ ಒಂದು ವಸ್ತುಸಂಗ್ರಹಾಲಯದಲ್ಲಿ ಇಂಥದ್ದೇ ಚೂರಿನ ಮುಂದೆ ‘ಪರ್ಷಿಯನ್ ಪಾತ್ರೆ, ಮಧ್ಯಯುಗ’ ಎಂದಷ್ಟೇ ಬರೆದಿದ್ದು ನೋಡಿ ಹೊಟ್ಟೆ ಉರಿಯಿತು. ಕೇಳಿದರೆ, ಪುರಾತನ ವಸ್ತುವನ್ನು ಕತ್ತರಿಸಬಾರದು ಅಂದರು. ಇಡೀ ಪಾತ್ರೆಯಾದರೆ ಸರಿ, ಒಪ್ಪುತ್ತೇನೆ. ಆದರೆ ಗೋಣಿಚೀಲಗಟ್ಟಲೆ ಬಿದ್ದಿರುವ ಚೂರುಗಳಲ್ಲಿ ಉಗುರಿನಷ್ಟು ಕೊಟ್ಟರೆ ಏನು ನಷ್ಟ? ಯಾವ ಧಾತು ಇದೆ ಎಂದು ತೋರಿಸುವ ಎಕ್ಸ್-ರೇ ಯಂತ್ರ ಹಿಡಿದರೆ ಸಾಕು ಅನ್ನುವವರೂ ಇದ್ದಾರೆ. ಅದು ಹೆಚ್ಚಾಗಿ ಓದುವುದು ಮೇಲ್ಮೈಯನ್ನು. ಮೆರುಗಿನ ತವರ, ಕೋಬಾಲ್ಟ್ ದೂರದಿಂದ ವ್ಯಾಪಾರಕ್ಕೆ ಬಂದಿರಬಹುದು. ಹೇರು ಹೇರು ಮಣ್ಣನ್ನು ಕುಂಬಾರ ದೂರದಿಂದ ಹೊರಿಸಿ ತರುವುದು ಅಪರೂಪ. ಊರು ಗೊತ್ತಾಗುವುದು ಒಡಲಿನಿಂದಲೇ.

ಕಲ್ಲನ್ನು ತೆಳುವಾಗಿ ಅರೆದು ನೋಡುವ ಸಲಕರಣೆ ನಮ್ಮ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳಲ್ಲಿ ಆಗಲೇ ಇದೆ. ಪುರಾತತ್ವದವರು ಹತ್ತು ಚೂರು ಕಟ್ಟಿಕೊಂಡು ಪಕ್ಕದ ಕಟ್ಟಡಕ್ಕೆ ಹೋಗಲಿ.