ಭಿಶಿ ದುಡ್ಡಿನ ಪಾಟಿ

ನನ್ನ ಬಲ ಭುಜ ಎಡ ಭುಜಕ್ಕಿಂತ ಸ್ವಲ್ಪ ಕೆಳಗಿದೆ. ಇದನ್ನು ಮೊದಲು ಕಂಡುಹಿಡಿದವನು ಬ್ಲೌಸ್ ಹೊಲಿಯುವ ಟೇಲರ್. "ವಹಿನೀ, ಅಳತೆ ತಪ್ಪಿಲ್ಲ, ಭುಜವೇ ತಪ್ಪಿದೆ" ಎಂದ. ಡಾಕ್ಟರ ಹತ್ತಿರ ಹೋದೆ. ಅವರು ಭುಜ ಮುಟ್ಟಿಯೂ ನೋಡಲಿಲ್ಲ, ಸೀದಾ ನನ್ನ ಬ್ಯಾಗ್ ಎತ್ತಿ ನೋಡಿದರು. ಎತ್ತಿದಷ್ಟೇ ಬೇಗ ಕೆಳಗಿಟ್ಟರು.

"ಒಳಗೆ ಏನಿದೆ?"

ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟೆ. ಊಟದ ಡಬ್ಬಾ, ನೀರಿನ ಬಾಟಲಿ, ಛತ್ರಿ, ಅರ್ಧ ಕಿಲೋ ಹೀರೇಕಾಯಿ, ಕೊನೆಗೆ 600 ಪುಟದ ಒಂದು ಕಾದಂಬರಿ. ಡಬ್ಬಾ ಬಿಡಿ, ಛತ್ರಿ ಬಿಡಿ ಎಂದು ಅವರು ಹೇಳಲಿಲ್ಲ. ಮುಂಬಯಿ ಡಾಕ್ಟರು, ಅವರಿಗೂ ಗೊತ್ತು. ಕಾದಂಬರಿಯ ಮೇಲೆ ಬೆರಳಿಟ್ಟು, "ಇದು ಬೇಕೇ ಬೇಕಾ?" ಎಂದರು.

ಬೇಕೇ ಬೇಕು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸ್ಲೋ ಲೋಕಲ್ ರೈಲಿನಲ್ಲಿ ಒಂದೂಕಾಲು ಗಂಟೆ. ಬರುವಾಗ ಮತ್ತೆ ಅಷ್ಟೇ. ಪುಸ್ತಕ ಇಲ್ಲದಿದ್ದರೆ ಅಷ್ಟು ಹೊತ್ತು ಎದುರಿಗಿದ್ದವರ ಮುಖ ನೋಡಬೇಕು, ಅವರು ನನ್ನ ಮುಖ ನೋಡಬೇಕು. ಯಾರಿಗೂ ಒಳ್ಳೆಯದಲ್ಲ.

ಮನೆಯಲ್ಲೂ ಪುಸ್ತಕಗಳದ್ದು ಇದೇ ಗೋಳು. ಮಂಚದ ಬಾಕ್ಸಿನಲ್ಲಿ ಅರ್ಧ ಹಾಸಿಗೆ, ಅರ್ಧ ಕಾದಂಬರಿ. ಒಂದು ಮಳೆಗಾಲ ಕಳೆದರೆ ಎರಡಕ್ಕೂ ಒಂದೇ ಬೂಷ್ಟು. ಹಾಗಾಗಿ ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಇರುವ ಯಂತ್ರ, ಕೊಳ್ಳುವ ಆಸೆ ನನಗೆ ಹಳೆಯದು. ದುಡ್ಡಿನ ದಾರಿ ಮಾತ್ರ ಹೊಸದು. ಲೋಕಲ್ಲಿನ ನಮ್ಮ ಲೇಡೀಸ್ ಡಬ್ಬಿಯಲ್ಲಿ 12 ಜನರ ಭಿಶಿ, ಅಂದರೆ ಚೀಟಿ ಫಂಡು, ಇದೆ. ತಿಂಗಳಿಗೆ ತಲಾ 1,000 ರೂಪಾಯಿ. ಗಣಪತಿ ಮುಳುಗಿಸಿದ ವಾರ ಚೀಟಿ ನನ್ನ ಹೆಸರಿಗೆ ಎದ್ದಿತು. ಮನೆಯಲ್ಲಿ 10,000 ಬಂತು ಎಂದು ಹೇಳಿದೆ. ಉಳಿದ 2,000ದ ವಿಷಯ ನಿಮಗೂ ಬೇಡ.

ಆ ಭಾನುವಾರ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇತ್ತು. ಮುಗಿಸಿಕೊಂಡು ಕಾಫಿಗೆ ಕೂತಾಗ, "ಒಂದು ಇ-ರೀಡರ್ ತಗೋಬೇಕು ಅಂತಿದೀನಿ" ಎಂದೆ. ಅಷ್ಟೇ. ಒಂದೇ ಟೇಬಲ್ಲಿನಲ್ಲಿ ನಾಲ್ಕು ಪಕ್ಷಗಳಾದವು.

ಬ್ಯಾಂಕಿನಿಂದ ರಿಟೈರ್ ಆದ ರಾಯರು ಅಮೆಜಾನ್‌ನ ಇ-ರೀಡರ್ ಕಿಂಡಲ್‌ನ ಪಕ್ಷ. 2007ರಲ್ಲಿ ಮೊದಲ ಕಿಂಡಲ್ ಬಂದಾಗಿನಿಂದ ಅದರ ಕಥೆ ಅವರಿಗೆ ಬಾಯಿಪಾಠ. ಅವರ ಸೊಸೆ ಕೋಬೋ ಪಕ್ಷ. ಇಂಗ್ಲಿಷಿನಲ್ಲಿ ಬರೆದು ಅಕ್ಷರ ಹಿಂದೆಮುಂದೆ ಮಾಡಿದರೆ ಕೋಬೋ ಅನ್ನುವುದು 'ಬುಕ್' ಆಗುತ್ತದಂತೆ. ಟಿಶ್ಯೂ ಪೇಪರಿನ ಮೇಲೆ ಬರೆದೇ ತೋರಿಸಿದಳು. ಮೂರನೆಯವನು ಕಂಪ್ಯೂಟರ್ ಹುಡುಗ. "ಆಂಟಿ, ಆಂಡ್ರಾಯ್ಡ್ ಇರೋದು ತಗೊಳ್ಳಿ, ಎಲ್ಲ ಆ್ಯಪೂ ಓಡುತ್ತೆ" ಎಂದ. ನಾಲ್ಕನೆಯವರು ನನ್ನ ಯಜಮಾನರು. "ಫೋನ್ ಅದ ಅಲ್ಲ, ಅದರಾಗ ಓದಿದ್ರ ಏನಾಗ್ತದ?" ಎಂದರು. ಈ ಪಕ್ಷಕ್ಕೆ ಠೇವಣಿಯೂ ಉಳಿಯಲಿಲ್ಲ.

ಫೋನಿಗೂ ಇದಕ್ಕೂ ಏನು ವ್ಯತ್ಯಾಸ ಎನ್ನುವುದನ್ನು ರಾಯರು ತಟ್ಟೆಯಲ್ಲೇ ವಿವರಿಸಿದರು. ಫೋನಿನ ಪರದೆ ಹಿಂದಿನಿಂದ ಕಣ್ಣಿಗೆ ಟಾರ್ಚ್ ಬಿಡುತ್ತದೆ. ಇ-ರೀಡರಿನ ಇ-ಇಂಕ್ ಪರದೆಯಲ್ಲಿ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳು, ಒಂದೊಂದರ ಒಳಗೂ ಕಪ್ಪು ಬಿಳಿ ಕಣಗಳು. ಅದಕ್ಕೆ ಅವರು ಚಟ್ನಿಯಲ್ಲಿದ್ದ ಸಾಸಿವೆಯನ್ನು ಚಮಚದಿಂದ ಮೇಲೆ ಕೆಳಗೆ ಮಾಡಿದರು. ಕರೆಂಟು ತಳ್ಳಿದಾಗ ಕಪ್ಪು ಮೇಲೆ ಬಂದರೆ ಅಕ್ಷರ, ಬಿಳಿ ಬಂದರೆ ಕಾಗದ. ಬಂದ ಮೇಲೆ ಅಲ್ಲೇ ಕೂರುತ್ತವೆ, ಲೋಕಲ್ಲಿನಲ್ಲಿ ವಿಂಡೋ ಸೀಟು ಸಿಕ್ಕವರ ಹಾಗೆ. ಮತ್ತೆ ಯಾರಾದರೂ ತಳ್ಳುವವರೆಗೆ ಏಳುವುದಿಲ್ಲ. ಅದಕ್ಕೇ ಪುಟ ತಿರುಗಿಸುವಾಗ ಮಾತ್ರ ಪರದೆಗೆ ಬ್ಯಾಟರಿ ಖರ್ಚು, ದೀಪ ಹಚ್ಚಿಕೊಂಡರೆ ಅದರ ಖರ್ಚು ಬೇರೆ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಅಷ್ಟು ಹೇಳಿ ರಾಯರು ಸಾಸಿವೆ ಸಮೇತ ಚಟ್ನಿ ತಿಂದರು.

ಏಳುವಾಗ ಹುಡುಗ ಒಂದು ಒಳ್ಳೆಯ ಮಾತು ಹೇಳಿದ. "ಎಲ್ಲಿ, ಹೇಗೆ, ಏನು ಓದ್ತೀರಿ ಅಂತ ಒಂದು ವಾರ ಬರೆದಿಡಿ ಆಂಟಿ. ಆಮೇಲೆ ಕೊಳ್ಳಿ."

ಬರೆದೆ. ಬರೆಯಬಾರದಿತ್ತು. ಅಲ್ಲಿಯವರೆಗೆ ನಾನು ಬಹಳ ಓದುವವಳು ಎಂದೇ ತಿಳಿದಿದ್ದೆ.

ಸೋಮವಾರ ಲೋಕಲ್ಲಿನಲ್ಲಿ 9 ಪುಟ, ದಿವಾದಿಂದ ಕುರ್ಲಾವರೆಗೆ ನಿದ್ದೆ. ಮಂಗಳವಾರ ಸೀಟಿಲ್ಲ. ಪುಸ್ತಕ ತೆಗೆಯುವುದಿರಲಿ, ಕೈ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಮುಂದೆ ನಿಂತವಳ ಫೋನಿನಲ್ಲಿ ಅವಳಿಗೂ ನಾದಿನಿಗೂ ನಡೆದ ಜಗಳ ಓದಿದೆ. ಚೆನ್ನಾಗಿತ್ತು. ಆದರೆ ವಿಖ್ರೋಲಿಯಲ್ಲಿ ಇಳಿದುಬಿಟ್ಟಳು, ಕೊನೆಗೇನಾಯಿತೋ ಏನೋ. ಬುಧವಾರ ಹಾಲು ಕಾಯಿಸುತ್ತಾ 2 ಪುಟ. ಹಾಲು ಉಕ್ಕಿತು. ಗುರುವಾರ ವಡಾಪಾವ್ ಸುತ್ತಿದ ಪೇಪರಿನಲ್ಲಿ ಒಂದು ಸುದ್ದಿಯ ಅರ್ಧ, ಉಳಿದರ್ಧ ಎಣ್ಣೆ. ಶುಕ್ರವಾರ ರಾತ್ರಿ ಮಲಗಿಕೊಂಡು ಓದುವಾಗ ಕಾದಂಬರಿ ಕೈಜಾರಿ ಮೂಗಿನ ಮೇಲೆ ಬಿತ್ತು. ಹೇಳಿದೆನಲ್ಲ, 600 ಪುಟ. ಶನಿವಾರ ಮೂಗಿಗೆ ಐಸ್.

ಇದರಿಂದ ಒಂದಷ್ಟು ತೀರ್ಮಾನವಾಯಿತು. ಮೂಗಿನ ಮೇಲೆ ಬಿದ್ದರೂ ನಡೆಯುವಂಥದ್ದು ಬೇಕು. 6 ಇಂಚು ಪರದೆಯವು ಸುಮಾರು 160 ಗ್ರಾಂ ತೂಗುತ್ತವೆ. ಒಂದು ಕೈ ಮೇಲಿನ ಹಿಡಿಕೆಗೆ, ಒಂದು ಕೈ ಪುಸ್ತಕಕ್ಕೆ, ಹಾಗಾಗಿ ಚಿಕ್ಕದೇ ಒಳ್ಳೆಯದು. ಯಜಮಾನರು ಹತ್ತಕ್ಕೇ ಲೈಟ್ ಆರಿಸುತ್ತಾರೆ, ಹಾಗಾಗಿ ಅದಕ್ಕೆ ತನ್ನದೇ ದೀಪ ಇರಬೇಕು. ಅಕ್ಷರ ಚೂಪಾಗಿರಬೇಕು. ಇಂಚಿಗೆ 300 ಚುಕ್ಕಿ ಇದ್ದರೆ ಅಚ್ಚಿನಂತೆಯೇ ಕಾಣುತ್ತದೆ. ಹಳೆಯ ಅಗ್ಗದ ಮಾಡೆಲ್‌ಗಳಲ್ಲಿ 167 ಇರುತ್ತದೆ. ಇಂಗ್ಲಿಷಿಗೆ ಹೇಗೋ ಸಾಕು, ನಮ್ಮ ಒತ್ತಕ್ಷರಗಳು ಮಾತ್ರ ಒಂದರ ಮೇಲೊಂದು ಕೂತು ಬೆಳಗಿನ ಡೊಂಬಿವಲಿ ಲೋಕಲ್ಲೇ.

ನಿಜವಾದ ತಲೆನೋವು ಕನ್ನಡದ್ದೇ. ಕಿಂಡಲ್ ಅಂಗಡಿಗೆ 2016ರಲ್ಲಿ ಐದು ಭಾರತೀಯ ಭಾಷೆಗಳು ಬಂದವು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಬೆರಳು ಮಡಚಿ ಎಣಿಸಿದೆ. ಐದೂ ಮುಗಿದವು, ನಾವಿರಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯವರು ಮರಾಠಿ, ಎದುರಿನವರು ಗುಜರಾತಿ, ಮೇಲಿನವರು ಮಲಯಾಳಿ. ನಡುವೆ ಸಿಕ್ಕಿಕೊಂಡವಳು ನಾನೊಬ್ಬಳು. ಕನ್ನಡ ಇ-ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಆ್ಯಪ್ ಇದೆ. ಆದರೆ ಆ್ಯಪ್ ಎಂದಮೇಲೆ ಫೋನ್ ಬೇಕು, ಇಲ್ಲವೇ ಆ ಹುಡುಗ ಹೇಳಿದ ಆಂಡ್ರಾಯ್ಡ್ ಇ-ರೀಡರ್. ಅದರ ಬೆಲೆ ನೋಡಿದೆ. ಇನ್ನೊಂದು ಭಿಶಿ ಎದ್ದರೂ ಸಾಲದು.

ಹಳೆಯ ಕನ್ನಡ ಪುಸ್ತಕಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ ನಿಜ. ಬಹಳಷ್ಟು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಅದು ಪುಟದ ಫೋಟೋ, ಅಕ್ಷರ ದೊಡ್ಡದು ಮಾಡಲು ಬರುವುದಿಲ್ಲ. 6 ಇಂಚಿನಲ್ಲಿ ಇಡೀ ಪುಟ ತೆರೆದರೆ ರಾಗಿ ಚೆಲ್ಲಿದ ಹಾಗೆ. ಹಿಗ್ಗಿಸಿದರೆ ಸಾಲಿನ ತಲೆ ಸಿಕ್ಕಾಗ ಬಾಲ ಸಿಗುವುದಿಲ್ಲ. ಸ್ಕ್ಯಾನ್ ಪ್ರತಿಗಳನ್ನೇ ಹೆಚ್ಚಾಗಿ ಓದುವವರು 10 ಇಂಚಿನದು ಕೊಳ್ಳಬೇಕು. ನನ್ನ ಮೂಗು ಒಪ್ಪಲಿಲ್ಲ.

ಕೊನೆಗೆ 6 ಇಂಚಿನದನ್ನೇ ತರಿಸಿದೆ. ಯಾವುದು ಎಂದು ಕೇಳಬೇಡಿ, ಮಾಟುಂಗದಲ್ಲಿ ಮತ್ತೆ ನಾಲ್ಕು ಪಕ್ಷವಾಗುತ್ತದೆ. ಇದಕ್ಕಿಂತ ಮೇಲಿನ ಮಾಡೆಲ್ ನೀರಿನಲ್ಲಿ ಬಿದ್ದರೂ ಕೆಡುವುದಿಲ್ಲವಂತೆ. ಐಪಿಎಕ್ಸ್8 ಅಂತ ಬರೆದಿರುತ್ತದೆ. ಸಿಹಿನೀರಿನಲ್ಲಿ 2 ಮೀಟರ್ ಆಳದಲ್ಲಿ ಒಂದು ಗಂಟೆ ತಡೆಯುತ್ತದೆ. "ಮಳೆಗಾಲ ಮುಗೀತಲ್ಲ, ನಾನೇನು ಬಾವಿಯಲ್ಲಿ ಕೂತು ಓದ್ತೀನಾ?" ಎಂದುಕೊಂಡು ಆ ದುಡ್ಡು ಉಳಿಸಿದೆ.

ಬಂದ ದಿನ ಸ್ಟೇಷನ್ ಹೊರಗಿನ ಭಾಜಿವಾಲಾನ ತಕ್ಕಡಿಯಲ್ಲಿಟ್ಟು ತೂಗಿಸಿದೆ. ಪಾವ್ ಕಿಲೋ ಭೇಂಡಿಗಿಂತ ಹಗುರ. "ಕಿತೀಚೀ?" ಎಂದು ಕೇಳಿದ. ಬೆಲೆ ಹೇಳಿದೆ. ಪಾಪ, ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ.

ಮನೆಯಲ್ಲಿ ಅತ್ತೆಯವರು ಕನ್ನಡಕ ಏರಿಸಿದರು. "ಏನವಾ ಇದು? ಈ ವಯಸ್ಸಿನ್ಯಾಗ ಪಾಟಿ ಹಿಡಕೊಂಡು ಶಾಲಿಗೆ ಹೊಂಟಿ ಏನ?" ಪುಟ ತಿರುಗಿಸಿ ತೋರಿಸಿದೆ. ಇ-ಇಂಕ್ ಪರದೆ ಪುಟ ಬದಲಿಸುವಾಗ ಒಮ್ಮೊಮ್ಮೆ ಇಡೀ ಕಪ್ಪಾಗಿ ಮಿಂಚಿ ಮತ್ತೆ ಬಿಳಿಯಾಗುತ್ತದೆ. ಅತ್ತೆ ಹಿಂದೆ ಸರಿದರು. "ಅಯ್ಯ, ಇದು ಕಣ್ಣ ಹೊಡೀತದ ನೋಡು!"

ಮಳೆಗಾಲ ಮುಗಿದಿರಲಿಲ್ಲ. ಸೆಪ್ಟೆಂಬರ್ ಕೊನೆಯ ಒಂದು ಸಂಜೆ, ವಿಂಡೋ ಸೀಟು, ಕೈಯಲ್ಲೊಂದು ಪತ್ತೇದಾರಿ ಕಾದಂಬರಿ. ಥಾಣೆ ದಾಟುತ್ತಿದ್ದಂತೆ ಕಿಟಕಿಯಿಂದ ಎರಚಲು. ಪರದೆಗೆ ಬೆರಳೂ ಒಂದೇ, ಮಳೆಹನಿಯೂ ಒಂದೇ. ಟಪ್, ಒಂದು ಪುಟ. ಟಪ್ ಟಪ್, ಎರಡು. ದುಪಟ್ಟಾದಿಂದ ಒರೆಸಹೋದೆ, ಅದು ಬೇರೆ ಅಧ್ಯಾಯಕ್ಕೇ ಹಾರಿತು. ಒಣಗಿಸಿ ಕಣ್ಣಿಟ್ಟರೆ ಇನ್‌ಸ್ಪೆಕ್ಟರ್ ಡ್ರೈವರನ ಕೈಗೆ ಬೇಡಿ ಹಾಕುತ್ತಿದ್ದ. 200 ಪುಟ ಬಾಕಿ ಇರುವಾಗ ಕೊಲೆಗಾರ ಯಾರೆಂದು ಮಳೆ ಹೇಳಿಬಿಟ್ಟಿತು. ಅವತ್ತಿನಿಂದ ಫ್ರಿಜ್ಜಿನಲ್ಲಿ ಕೊತ್ತಂಬರಿ ಇಡುವ ಝಿಪ್ ಕವರಿನಲ್ಲಿ ಹಾಕಿ ಓದುತ್ತೇನೆ. ತೆಳು ಪ್ಲಾಸ್ಟಿಕ್ಕಿನ ಮೇಲಿಂದಲೂ ಪುಟ ತಿರುಗುತ್ತದೆ. ಎಂಥ ಗಂಭೀರ ಸಾಹಿತ್ಯಕ್ಕೂ ಒಂದು ಸಾರಿನ ವಾಸನೆ, ಅಷ್ಟೇ.

ಧಾರವಾಡದ ನನ್ನ ತಮ್ಮ ಕನ್ನಡ ಕಥೆಗಳ ಫೈಲು ಕಳಿಸಿದ. ತೆರೆದರೆ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಟೋಪಿ ಹಾಕಿ, ಬಾಲ ಕಟ್ಟಿ ಸಾಲಾಗಿ ನಿಲ್ಲಿಸಿದ ಹಾಗಿತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಂತೆ. ಆ ಫಾಂಟ್ ಇಲ್ಲದ ಕಡೆ ಅದು ಹಾಗೇ ಕಾಣುವುದು. ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡಿಗೆ ಬದಲಿಸಿ, ಇಪಬ್ ಎಂಬ ಇ-ಪುಸ್ತಕದ ಫೈಲು ಮಾಡಿ ಮತ್ತೆ ಕಳಿಸಿದ. ಆಗ ಕನ್ನಡ ಮೂಡಿತು ನೋಡಿ, ಒತ್ತು, ದೀರ್ಘ, ಸೊನ್ನೆ ಸಮೇತ. ಮನಸಾರೆ ಬೈದಿದ್ದನ್ನೆಲ್ಲ ಮನಸಾರೆ ವಾಪಸ್ ತಗೊಂಡೆ.

ಇಮೇಲ್ ಕಥೆ ಹೇಳಬೇಕೋ ಬೇಡವೋ. ಇಂಥ ಕೆಲವು ಯಂತ್ರಗಳಿಗೆ ಅವುಗಳದೇ ಇಮೇಲ್ ವಿಳಾಸ ಮಾಡಿಕೊಳ್ಳಬಹುದು. ಆ ವಿಳಾಸಕ್ಕೆ ಫೈಲು ಕಳಿಸಿದರೆ ಪುಸ್ತಕವಾಗಿ ಬಂದು ಕೂರುತ್ತದೆ. ನಾನು ಭಕ್ತಿಯಿಂದ ನನ್ನದಕ್ಕೆ 'ಸರಸ್ವತಿ' ಎಂದು ಶುರುವಾಗುವ ವಿಳಾಸ ಇಟ್ಟೆ. ನಮ್ಮ ಆಫೀಸಿನ ಸಾಹೇಬರ ವಿಳಾಸವೂ 'ಸರ' ಎಂದೇ ಶುರು. ಒಂದು ಬೆಳಿಗ್ಗೆ, ಗಡಿಬಿಡಿಯಲ್ಲಿ, ಎರಡು ದಿನದ ರಜೆ ಅರ್ಜಿ ಒಂದು ಕಡೆ, ಒಂದು ಕಾದಂಬರಿ ಒಂದು ಕಡೆ ಕಳಿಸಿದೆ. ಸಂಜೆ ಲೋಕಲ್ಲಿನಲ್ಲಿ ನೋಡಿದರೆ ಎರಡು ಕಾದಂಬರಿಗಳ ನಡುವೆ ನನ್ನ ರಜೆ ಅರ್ಜಿ ಮುಖಪುಟ ಸಮೇತ ಕೂತಿದೆ. ಕೆಳಗೆ 'ಓದಿದ್ದು 0%'. ಎದೆ ಧಸಕ್ಕೆಂದಿತು. ಮರುದಿನ ಸಾಹೇಬರು ಕ್ಯಾಬಿನ್ನಿಗೆ ಕರೆದರು. "ಮ್ಯಾಡಮ್, 312 ಪುಟ ನೋಡಿದೆ. ಭಾಷೆ ಗೊತ್ತಾಗಲಿಲ್ಲ. ಇದರಲ್ಲಿ ರಜೆ ಎಷ್ಟು ದಿನ ಕೇಳಿದ್ದೀರಿ?"

ಚಳಿಗಾಲ ಬಂತು, ಮಟರ್ ಅಗ್ಗವಾಯಿತು. ಲೇಡೀಸ್ ಡಬ್ಬಿಯಲ್ಲಿ ಸಂಜೆಯ ಹೊತ್ತು ತರಕಾರಿ ಬಿಡಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ನಮಗೆ ಹೆಸರಿಲ್ಲ, ಇಳಿಯುವ ಸ್ಟೇಷನ್ನೇ ಹೆಸರು. ಮುಲುಂಡ್ ಅಕ್ಕ ಉಡುಪಿ ಕಡೆಯವರು. ಎಲ್ಲರಿಗೂ ಒಂದೊಂದು ಹಿಡಿ ಮಟರ್ ಹಂಚಿದರು. ನನ್ನ ಕೈಯಲ್ಲಿ ಇ-ರೀಡರ್. "ಇದು ಕೊಡಿ ಇಲ್ಲಿ" ಎಂದು ಕಿತ್ತುಕೊಂಡು ನನ್ನ ತೊಡೆಯ ಮೇಲೇ ಮಲಗಿಸಿ, "ಒಳ್ಳೆ ತಟ್ಟೆ ಆಯ್ತು ಮಾರಾಯ್ತಿ" ಎಂದು ಮೇಲೆ ಕಾಯಿ ಸುರಿದರು. ನಾನೂ ಸುಲಿಯತೊಡಗಿದೆ, ಇನ್ನೇನು ಮಾಡುವುದು? ಘಾಟ್ಕೋಪರ್ ಬರುವಾಗ ಒಂದು ಕಾಯಿಯಿಂದ ಹಸಿರು ಹುಳ ಇಳಿಯಿತು. ನಾನು ನಿಲ್ಲಿಸಿದ್ದ ಸಾಲಿನ ಮೇಲೆಯೇ ಎಡದಿಂದ ಬಲಕ್ಕೆ, ಎಲ್ಲೂ ಅವಸರವಿಲ್ಲದೆ, ಪೂರ್ಣವಿರಾಮದ ತನಕ ಹೋಗಿ ನಿಂತಿತು. ಪುಸ್ತಕದ ಹುಳು ಅಂತ ನನ್ನನ್ನು ಎಷ್ಟೋ ಜನ ಕರೆದಿದ್ದಾರೆ. ನಾನು ಹಾಗೆ ಒಂದು ಸಾಲನ್ನೂ ಓದಿದವಳಲ್ಲ.

ಈಗ ಇ-ರೀಡರ್ ನನ್ನ ಹತ್ತಿರ ಇಲ್ಲ. ಜನವರಿಯ ಒಂದು ಭಾನುವಾರ ಅತ್ತೆಯವರು, "ಅಕ್ಷರ ದೊಡ್ಡದು ಆಗ್ತಾವಂತಲ್ಲ, ಖರೇನ?" ಎಂದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರು ಪೇಪರಿನ ಹೆಡ್ಡಿಂಗ್ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ತಮ್ಮ ಕಳಿಸಿದ ಕಥೆ ತೆರೆದು ಅಕ್ಷರ ಹಿಗ್ಗಿಸಿದೆ. "ಇನ್ನೊಂದೀಟು." ಹಿಗ್ಗಿಸಿದೆ. "ಇನ್ನೊಂದೀಟು." ಕೊನೆಗೆ ಪುಟಕ್ಕೆ ಹನ್ನೊಂದು ಶಬ್ದ ಉಳಿದವು. ಅತ್ತೆ ಬೆರಳಿಗೆ ಎಂಜಲು ಹಚ್ಚಿ ಪರದೆ ಮುಟ್ಟಿದರು. ಅದು ಕಣ್ಣು ಹೊಡೆಯಿತು. ಈ ಸಲ ಹಿಂದೆ ಸರಿಯಲಿಲ್ಲ. ನನ್ನ ಕೈಯಲ್ಲಿ ಮೂರು ವಾರ ಬರುತ್ತಿದ್ದ ಬ್ಯಾಟರಿ ಅವರ ಕೈಯಲ್ಲಿ ಐದು ದಿನ. ನಾಲ್ಕು ಸೆಕೆಂಡಿಗೊಂದು ಪುಟ ತಿರುಗಿದರೆ ಅದಾದರೂ ಏನು ಮಾಡೀತು? ಮಧ್ಯಾಹ್ನದ ಸೀರಿಯಲ್ಲು ನಿಂತಿದೆ. ವಾಪಸ್ ಕೇಳಲು ಎರಡು ಸಲ ಬಾಯಿ ತೆರೆದೆ. "ತಡಿಯವಾ, ಆಕಿ ಈಗಷ್ಟ ತವರಿಗೆ ಹೊಂಟಾಳ" ಎಂದರು.

ನಿನ್ನೆ ಸಂಜೆ ಆಫೀಸಿನಿಂದ ಹೊರಟವಳು ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಒಂದು ದಪ್ಪ ಹಳೆಯ ಪುಸ್ತಕ ಕೊಂಡು ಲೋಕಲ್ ಹತ್ತಿದೆ. ಬಲ ಭುಜ ತನ್ನ ಹಳೆಯ ಜಾಗಕ್ಕೆ ಇಳಿದಿತ್ತು. ಮುಲುಂಡ್ ಅಕ್ಕ ಚೀಲ ಬಿಚ್ಚಿ ನನ್ನ ತೊಡೆ ನೋಡಿದರು, ನನ್ನ ಮುಖ ನೋಡಿದರು.

"ಎಂತ ಮಾರಾಯ್ತಿ, ಪಾಟಿ ತರಲಿಲ್ವಾ? ಮತ್ತೆ ಮಟರ್ ಎಲ್ಲಿ ಹಾಕುದು?"